ಅಂಚಿಗೊಂದು ಕಚ್ಚು

ನನ್ನ ಬೆನ್ನಿಗೆ ಅಂಗಿ ಹೊಲಿಯಲು ಆಗುವುದಿಲ್ಲ ಎಂದ ದರ್ಜಿ ಒಳ್ಳೆಯ ಮನುಷ್ಯನೇ. ಅಪ್ಪ ನನ್ನನ್ನು ಅವನ ಅಂಗಡಿಯ ಮುಂದೆ ನಿಲ್ಲಿಸಿದಾಗ ಟೇಪು ಹಿಡಿದು ನನ್ನ ಸುತ್ತ ಒಂದು ಸುತ್ತು ಬಂದ. ಎಡಬೆನ್ನಿನ ಮೇಲೆ ಟೇಪು ಸಪಾಟಾಗಿ ಕೂತಿತು. ಬಲಬೆನ್ನಿನ ಗೂನಿನ ಮೇಲೆ ಜಾರಿ ಜಾರಿ ಕತ್ತಿಗೆ ಬಂತು. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು, "ರೆಡಿಮೇಡು ಒಂದು ದೊಡ್ಡದು ತಗೊಂಡು ಮೇಲೆ ಶಾಲು ಹೊದಿಸ್ಬಿಡಿ ಯಜಮಾನ್ರೇ, ಇದಕ್ಕೆ ಅಳತೆ ಇಲ್ಲ" ಎಂದ. ಬಯ್ಯಲಿಲ್ಲ, ನಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದ.

ಆ ಮಾತು ಜೊತೆಗೆ ಬಂದಿದ್ದ ನನ್ನ ತಂಗಿಯ ಕಿವಿಗೂ ಬಿತ್ತು. ಅವಳಿಗೆ ಇನ್ನೂ ಹಾಲುಹಲ್ಲು. ಮನೆ ಮುಟ್ಟುವವರೆಗೂ ಅಪ್ಪನ ಪಂಚೆ ಹಿಡಿದು ಎಳೆಯುತ್ತ, "ಇದಕ್ಕೆ ಅಂದ್ರೆ ಯಾವುದಕ್ಕೆ? ಅಪ್ಪಾ, ಇದಕ್ಕೆ ಅಂದ್ರೆ ಯಾವುದಕ್ಕೆ?" ಎಂದು ಪ್ರಾಣ ತಿಂದಳು. ಅಪ್ಪ ಉತ್ತರ ಹೇಳಲಿಲ್ಲ. ಉತ್ತರ ಸಿಗದ ಪ್ರಶ್ನೆಯನ್ನು ಬಿಟ್ಟುಕೊಡುವ ಜಾಯಮಾನ ಅವಳದಲ್ಲ. ನಾಲ್ಕು ಜನ ಮೆಚ್ಚುವ ಹಾಗೆ ಅವಳು ಅದಕ್ಕೆ ಉತ್ತರ ಕೊಟ್ಟಳು, ಆದರೆ ಕೊಡುವಷ್ಟರಲ್ಲಿ ತಲೆ ನರೆತಿತ್ತು.

ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎನ್ನುತ್ತಾರೆ. ಕೈಯಲ್ಲಿರುವ ಕತ್ತರಿಗೋ ಬಾಯಲ್ಲಿರುವ ಕತ್ತರಿಗೋ ಈ ಹೆಸರು ಎಂದು ಕೇಳಿದರೆ ಬಾಯಿ ಬಿಡುವ ಎದೆಗಾರಿಕೆ ಯಾರಿಗೂ ಇಲ್ಲ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಅವಳ ಹೊಲಿಗೆ ಅಂಗಡಿ. ಅದರ ಪಕ್ಕದಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ನನ್ನ ಬೀಗ ರಿಪೇರಿ. ನನಗೆ ಈ ಕೆಲಸ ಯಾರೂ ಕಲಿಸಿದ್ದಲ್ಲ. ಕೆಟ್ಟ ಬೀಗಗಳನ್ನು ಬಿಚ್ಚಿ ಬಿಚ್ಚಿ ಅವುಗಳಿಂದಲೇ ಕಲಿತೆ, ಓದು ಬರಹವನ್ನೂ ಹಾಗೇ ಕಲಿತೆ. ಹಾಗಾಗಿ ನನ್ನ ಬರವಣಿಗೆಯಲ್ಲಿ ಎಲ್ಲಾದರೂ ಕಿರಕಿರ ಸದ್ದು ಬಂದರೆ ಎಣ್ಣೆ ಕಡಿಮೆಯಾಗಿದೆ ಎಂದುಕೊಳ್ಳಿ.

ಅವಳ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಟ್ಟೆಯಲ್ಲ, ಕಾಗದ. ಒಂದು ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕಂದು ಕಾಗದದ ಅಚ್ಚುಗಳು. ತೋಳಿನದು, ಕಾಲರಿನದು, ಬೆನ್ನಿನದು. ಬಟ್ಟೆಯ ಮೇಲೆ ಅಚ್ಚು ಇಟ್ಟು, ಸುತ್ತ ಗೆರೆ ಎಳೆದು, ಗೆರೆಯ ಮೇಲೆ ಕತ್ತರಿ ಆಡಿಸಬೇಕು. ಮುಟ್ಟಿ ಮುಟ್ಟಿ ಆ ಕಾಗದಗಳು ಬಟ್ಟೆಗಿಂತ ಮೆತ್ತಗಾಗಿವೆ. ಅಚ್ಚುಗಳ ವಿಷಯದಲ್ಲಿ ಅವಳದೊಂದು ಕಟ್ಟು. ಯಾವ ಅಚ್ಚನ್ನಾದರೂ ತಿದ್ದಿದಳೆಂದರೆ ಹೊಸ ಕಾಗದ ಕತ್ತರಿಸಿ, ಅದರ ಅಂಚಿಗೆ ಕತ್ತರಿಯ ತುದಿಯಿಂದ ಸಣ್ಣದೊಂದು ಕಚ್ಚು ಹಾಕುತ್ತಾಳೆ. ಮತ್ತೆ ತಿದ್ದಿದರೆ ಎರಡು ಕಚ್ಚು. ಅಂಗಡಿಯಲ್ಲಿ ಹೊಲಿಯುವ ಹೆಂಗಸರು ಅಚ್ಚನ್ನು ಬರೀ ಹೆಸರಿನಿಂದ ಕೇಳುವ ಹಾಗಿಲ್ಲ. "ಅಕ್ಕಾ, ತೋಳಿಂದು ಎರಡು ಕಚ್ಚಿಂದು ಕೊಡಿ" ಎನ್ನಬೇಕು. ಕಚ್ಚು ಹೇಳದೆ ಅಚ್ಚು ಕೇಳಿದವರಿಗೆ ಅವಳು ಅಚ್ಚೂ ಕೊಡುವುದಿಲ್ಲ, ಮರ್ಯಾದೆಯೂ ಕೊಡುವುದಿಲ್ಲ. ನನ್ನ ಬೆನ್ನಿನ ಅಚ್ಚಿನ ಅಂಚು ಈಗ ಗರಗಸದ ಹಾಗಿದೆ. ನಾನು ವಯಸ್ಸಿನ ಜೊತೆ ಬಗ್ಗುತ್ತ ಬಂದ ಹಾಗೆ ಅವಳೂ ಕಚ್ಚುತ್ತ ಬಂದಳು.

ಆ ಗೋಡೆಯ ತುಂಬ ಇರುವುದು ಅಳತೆ ಇಲ್ಲ ಅನ್ನಿಸಿಕೊಂಡವರ ಅಚ್ಚುಗಳೇ. ಗಾಲಿಕುರ್ಚಿಯಲ್ಲಿ ದಿನವಿಡೀ ಕೂರುವವರಿಗೆ ಸೊಂಟದಲ್ಲಿ ಒತ್ತದ ಪ್ಯಾಂಟು, ಒಂದೇ ಕೈಯಿರುವ ಅಂಚೆಯವನಿಗೆ ಒಂದೇ ಕೈಯಿಂದ ಗುಂಡಿ ಹಾಕಿಕೊಳ್ಳುವ ಅಂಗಿ, ಬೆನ್ನಿಗೆ ಪಟ್ಟಿ ಕಟ್ಟಿಕೊಂಡ ಮಗುವಿಗೆ ಪಟ್ಟಿ ಕಾಣದ ಫ್ರಾಕು. ಸುದ್ದಿ ಹರಡಿ ದೂರದವರು ಅಚ್ಚು ಕಳಿಸಿ ಎಂದು ಕೇಳತೊಡಗಿದರು. ಆಗ ಅವಳ ಗಂಡ, ಅಂದರೆ ನನ್ನ ಭಾವಮೈದುನ, ನಡುವೆ ಬಂದ. ಸರ್ವೆ ಆಫೀಸಿನಲ್ಲಿ ನಕ್ಷೆ ಬರೆದು ನಿವೃತ್ತನಾದ ಮನುಷ್ಯ. ಮಾತು ಕಡಿಮೆ, ಗೆರೆ ಜಾಸ್ತಿ. ಅಚ್ಚುಗಳನ್ನೆಲ್ಲ ಕಂಪ್ಯೂಟರಿನಲ್ಲಿ ನಿಜವಾದ ಅಳತೆಗೆ ಬರೆದು, ಮಡಿಕೆ ಮಡಿಕೆಗೂ ಫೋಟೋ ಸೇರಿಸಿ, ಒಂದು ವೆಬ್‌ಸೈಟು ಮಾಡಿದ. ಯಾರು ಬೇಕಾದರೂ ಇಳಿಸಿಕೊಂಡು, ಕಾಗದಕ್ಕೆ ತೆಗೆದು, ಕತ್ತರಿಸಿಕೊಳ್ಳಬಹುದು. ಸೈಟಿಗೆ ಏನು ಹೆಸರಿಡೋಣ ಎಂದು ಕೇಳಿದಾಗ ತಂಗಿ ತಲೆ ಎತ್ತದೆ, ಹಲ್ಲಿನಲ್ಲಿ ದಾರ ಕಡಿಯುತ್ತ ಹೇಳಿದಳು:

"'ಇದಕ್ಕೂ ಅಳತೆ ಇದೆ' ಅಂತ ಇಡಿ."

ನಾನು ಗೂಡಿನಲ್ಲಿ ಕೂತು ಅರದಿಂದ ಬೀಗ ಉಜ್ಜುತ್ತಿದ್ದೆ. ಅರ ನಿಂತುಹೋಯಿತು.

ಒಂದು ದಿನ ಅಂಗಡಿಗೆ ಹೊಲಿಗೆ ಶಾಲೆಗಳ ಸಂಘದ ಹೆಡ್‌ಮೇಡಂ ಬಂದರು. ಸಮುದ್ರದ ಈಚೆಗೂ ಆಚೆಗೂ ಅವರ ಶಾಲೆಗಳಿವೆ. ಎತ್ತರದ ಹೆಂಗಸು, ಕಣ್ಣಲ್ಲೇ ಅಳತೆ ತೆಗೆಯುವವರು. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆನ್ನಿನ ಹೊಲಿಗೆಯ ಮೇಲೆ ಬೆರಳು ಓಡಿಸಿದರು.

"ಎಲ್ಲೂ ಸುಕ್ಕಿಲ್ವಲ್ರೀ!"

"ನನ್ನ ಮುಖದಲ್ಲಿರೋದೇ ಸಾಕು ಅಂತ ಬಿಟ್ಟಿದಾಳೆ ಮೇಡಂ" ಎಂದೆ.

ಅವರು ನಗುತ್ತಲೇ ಕೂತು, ಕೂತ ಮೇಲೆ ಗಂಭೀರವಾದರು. "ನೋಡಿ, ನಮ್ಮ ಶಾಲೆಗಳಲ್ಲಿ ಇವತ್ತಿಗೂ ಚಿಕ್ಕದು, ನಡುವಿನದು, ದೊಡ್ಡದು, ಇಷ್ಟೇ ಕಲಿಸೋದು. ಈ ಬೆನ್ನಿನ ಅಂಗೀನ ಪಾಠಕ್ಕೆ ಸೇರಿಸ್ಬೇಕು ಅಂತ ನನ್ನಾಸೆ. ನಮ್ಮ ಕಮಿಟಿಯವರು ಒಪ್ತಾ ಇಲ್ಲ. ಒಂದು ದಿನ ಗೊತ್ತು ಮಾಡ್ತೀನಿ. ಎಲ್ಲ ಶಾಲೆಗೂ ಒಬ್ಬೊಬ್ರು ಗೂನು ಬೆನ್ನಿನವರನ್ನ ಕರೆಸ್ತೀನಿ. ಮಕ್ಕಳು ನಿಮ್ಮ ಸೈಟಿಂದ ಅಚ್ಚು ತೆಗೆದು, ಅವರ ಅಳತೆಗೆ ಗೆರೆ ಹೊಂದಿಸಿಕೊಂಡು, ಕತ್ತರಿಸಿ ಹೊಲೀಲಿ. ಕಮಿಟಿಯವರ ಕಣ್ಮುಂದೇನೇ ಅಂಗಿ ಮೈಗೆ ಕೂತ್ರೆ, ಇನ್ಮೇಲೆ ಹೊಲಿಗೆ ಕಲಿಯೋ ಪ್ರತಿಯೊಬ್ರೂ ಇದನ್ನ ಕಲೀತಾರೆ. ಕೂರ್ಲಿಲ್ಲ ಅಂದ್ರೆ..."

"ಕೂರ್ದೆ ಏನ್ ಮಾಡುತ್ತೆ? ನಾನು ಹೇಳಿದ ಮೇಲೆ ಕೂತ್ಕೊಳ್ಳೇಬೇಕು" ಎಂದಳು ತಂಗಿ.

ಬಾಯಲ್ಲಿ ಅಷ್ಟು ಹೇಳಿದಳೇ ಹೊರತು, ಹೆಡ್‌ಮೇಡಂ ಹೋದ ಮೇಲೆ ಗಿರಾಕಿಯ ಕುಪ್ಪಸಕ್ಕೆ ತೋಳನ್ನು ತಿರುವುಮುರುವಾಗಿ ಹಚ್ಚಿ, ಬಿಚ್ಚಿ, ಮತ್ತೆ ತಿರುವುಮುರುವಾಗಿಯೇ ಹಚ್ಚಿದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಎಲ್ಲಿಯಾದರೂ ಒಬ್ಬ ಅಪ್ಪ ಮಗನ ಕೈ ಹಿಡಿದು ದರ್ಜಿಯ ಅಂಗಡಿ ಮೆಟ್ಟಿಲು ಹತ್ತಿದರೆ ಆ ಮಾತು ಕೇಳದೆ ಇಳಿಯಬೇಕು. ಅದಕ್ಕೆ ಇದೊಂದೇ ದಾರಿ. ಒಂದೇ ದಿನ.

ಪರೀಕ್ಷಿಸಿ ನೋಡೋಣ ಎಂದು ಹೆಡ್‌ಮೇಡಂ ಸಮುದ್ರದಾಚೆಯ ತಮ್ಮೂರಿಗೆ ಹೋಗಿ ಸೈಟು ತೆರೆದರು. ಫೋನು ಬಂತು.

"ಕತ್ತರಿ ಅಕ್ಕ, ಚಿತ್ರ ಮೇಲಿಂದ ಗೆರೆ ಗೆರೆಯಾಗಿ ಇಳೀತಾ ಇದೆ. ಕಾಲರ್ ಬಂತು. ನಾನು ಹೋಗಿ ಊಟ ಮಾಡ್ಕೊಂಡು ಬಂದೆ. ಇನ್ನೂ ಜೇಬು ಬಂದಿಲ್ಲ."

ನಮ್ಮ ಸೈಟು ಇದ್ದದ್ದು ನಮ್ಮೂರಿನದೇ ಒಂದು ಕಂಪನಿಯ ಸರ್ವರಿನಲ್ಲಿ. ಸರ್ವರ್ ಅಂದರೆ ಮತ್ತೇನಿಲ್ಲ, ಕೇಳಿದವರಿಗೆಲ್ಲ ಸೈಟನ್ನು ಬಡಿಸುವ ಕಂಪ್ಯೂಟರು. ಊರಿನವರು ಕೇಳಿದರೆ ತಕ್ಷಣ ಕೊಡುತ್ತಿತ್ತು. ಸಮುದ್ರದಾಚೆಯಿಂದ ಕೇಳಿದರೆ ನನ್ನ ಭಾವಮೈದುನನ ಆನೆಭಾರದ ಚಿತ್ರಗಳು ಅಷ್ಟು ದೂರ ಏದುಸಿರು ಬಿಡುತ್ತ ಹೋಗಬೇಕು. ಎಲ್ಲ ಶಾಲೆಯವರೂ ಒಟ್ಟಿಗೆ ಕೇಳಿದರಂತೂ ಮುಗಿಯಿತು, ದಾರಿಯಲ್ಲೇ ಮಲಗಿಬಿಡುತ್ತವೆ. ತಂಗಿ ಸರ್ವರ್ ಕಂಪನಿಗೆ ಫೋನು ಮಾಡಿ ಕಾಲು ಕೆದರಿ ಜಗಳಕ್ಕೆ ನಿಂತಳು. ಅಲ್ಲಿ ಫೋನು ಎತ್ತಿದ ಮನುಷ್ಯನಿಗೆ, ಅವನ ತಾಳ್ಮೆ ತಣ್ಣಗಿರಲಿ, ನಾವು ಸರ್ವರಪ್ಪ ಎಂದೇ ಹೆಸರಿಟ್ಟೆವು. ಫೋನಿನ ಸ್ಪೀಕರ್ ಹಾಕಿ ಇಸ್ತ್ರಿಪೆಟ್ಟಿಗೆಯ ಪಕ್ಕ ಇಟ್ಟಿದ್ದರಿಂದ ನನಗೂ ಎಲ್ಲ ಕೇಳುತ್ತಿತ್ತು.

"ಅಕ್ಕಾ, ನಿಮಗೆ ಬೇಕಾಗಿರೋದು ಸಿಡಿಎನ್. ಕಂಟೆಂಟ್ ಡೆಲಿವರಿ ನೆಟ್‌ವರ್ಕ್ ಅಂತ. ಊರೂರಲ್ಲೂ ಅವರ ಸರ್ವರ್ ಇರುತ್ತೆ. ನಿಮ್ಮ ಚಿತ್ರದ ಒಂದೊಂದು ನಕಲು ಅಲ್ಲಲ್ಲೇ ಇಟ್ಕೊಂಡಿರ್ತಾರೆ. ಯಾರು ಕೇಳ್ತಾರೋ ಅವರ ಹತ್ತಿರದ ಸರ್ವರಿಂದ ಕೊಡ್ತಾರೆ. ಅದಕ್ಕೆ ನಾವು ಎಡ್ಜ್ ಅಂತೀವಿ, ಅಂದ್ರೆ ಅಂಚು."

"ಅಂಚಾ?" ತಂಗಿಯ ಹುಬ್ಬು ಮೇಲೇರಿತು. "ಅದನ್ನ ಮೊದ್ಲೇ ಹೇಳ್ಬಾರ್ದಾ? ಅಂಚು ಹೊಲಿಯೋದೇ ನನ್ನ ಕಸುಬು."

ನನಗೂ ಥಟ್ಟನೆ ಹೊಳೆಯಿತು. "ಮನೆ ಕೀಲಿ ಒಂದೇ ಇದ್ರೆ ಎಲ್ಲರೂ ಅಮ್ಮನ ಸೆರಗಿಗೇ ಬರ್ಬೇಕು. ಅಕ್ಕಪಕ್ಕದ ಮನೇಲಿ ಒಂದೊಂದು ನಕಲು ಕೊಟ್ಟಿಟ್ರೆ ಹತ್ತಿರದವರ ಹತ್ರ ಇಸ್ಕೊಳ್ಳೋದು. ಅಷ್ಟೇ ತಾನೆ?"

"ಅಷ್ಟೇ" ಎಂದ ಸರ್ವರಪ್ಪ.

"ನಿನ್ನನ್ನ ಯಾರು ಕೇಳಿದ್ರಣ್ಣ, ಅರ ಉಜ್ಜು" ಎಂದಳು ತಂಗಿ.

ಕೆಲಸ ಶುರುವಾಯಿತು. ಸೈಟಿನ ಹೆಸರನ್ನು ಯಾರಾದರೂ ಒತ್ತಿದರೆ ಅದು ನಮ್ಮ ಸರ್ವರಿಗೆ ಬರದೆ ಆ ನೆಟ್‌ವರ್ಕಿನ ವಿಳಾಸಕ್ಕೆ ಹೋಗುವ ಹಾಗೆ ಬದಲಾಯಿಸಬೇಕಿತ್ತು. ಗಂಡ ಬೆರಳು ಹಿಂದಕ್ಕೆ ಎಳೆದುಕೊಂಡ. "ನೋಡೇ, ಇದನ್ನ ಒತ್ತಿದ್ರೆ ಸೈಟು ಎಲ್ಲಾದ್ರೂ ಹೋಗ್ಬಿಟ್ರೆ?" ಎಂದ. "ಎಲ್ಲಿ ಹೋಗುತ್ತೆ, ಅದಕ್ಕೇನು ಕಾಲಿದ್ಯಾ? ಆ ಕಡೆ ಸರೀರಿ" ಎಂದು ಅವಳೇ ಕನ್ನಡಕ ಏರಿಸಿಕೊಂಡು ಒತ್ತಿದಳು. ಸೈಟು ಹೋಗಲಿಲ್ಲ. ಆದರೆ ತೆರೆದು ನೋಡಿದರೆ ಪರದೆಯ ತುಂಬ ಎಚ್ಚರಿಕೆ: ಈ ಜಾಗ ಸುರಕ್ಷಿತವಲ್ಲ, ಹಿಂದಕ್ಕೆ ಹೋಗಿ. ಗಂಡ ತಲೆಯ ಮೇಲೆ ಕೈ ಹೊತ್ತು ಕೂತ. ಹೊಸ ವಿಳಾಸಕ್ಕೆ ಸರ್ಟಿಫಿಕೇಟು ಹಾಕಿಸಿರಲಿಲ್ಲವಂತೆ. ಸೈಟಿನ ಹೆಸರಿನ ಪಕ್ಕ ಒಂದು ಸಣ್ಣ ಬೀಗದ ಗುರುತು ಕಾಣುತ್ತದಲ್ಲ, ಅದು.

"ಬೀಗದವನ ತಂಗಿಯಾಗಿ ಬೀಗ ಹಾಕ್ದೆ ಅಂಗಡಿ ಇಟ್ಟಿದೀಯಲ್ಲೇ, ನನ್ನ ಮಾನ ಏನಾಗ್ಬೇಕು?" ಎಂದೆ.

ಅವಳು ನೂಲಿನ ಉಂಡೆ ಎಸೆದಳು. ಸರ್ವರಪ್ಪ ಹೇಳಿಕೊಟ್ಟ ಹಾಗೆ ಅದನ್ನೂ ಹಾಕಿಸಿದಾಗ ಹೆಸರಿನ ಪಕ್ಕದಲ್ಲಿ ಪುಟಾಣಿ ಬೀಗ ಮೂಡಿತು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಚೆನ್ನಾಗಿತ್ತು. ತೂತು ಮಾತ್ರ ಇರಲಿಲ್ಲ.

"ಇನ್ನೊಂದು ಮಾತು ಅಕ್ಕಾ" ಎಂದ ಸರ್ವರಪ್ಪ. "ಅಂಚಿನವರು ನಕಲನ್ನ ಎಷ್ಟು ಕಾಲ ಇಟ್ಕೋಬೇಕು ಅಂತ ಹೇಳ್ಬೇಕು. ಪುಟಗಳು ಹಗುರ, ಅವು ಯಾವಾಗ್ಲೂ ನಮ್ಮ ಸರ್ವರಿಂದ್ಲೇ ಹೊಸದಾಗಿ ಹೋಗ್ಲಿ. ಭಾರ ಇರೋದು ಚಿತ್ರ. ಚಿತ್ರಕ್ಕೆ ಒಂದು ವಾರ ಹಾಕೋಣ್ವಾ?"

"ವಾರನಾ?" ಅವಳಿಗೆ ಅವಮಾನವೇ ಆಯಿತು. "ನನ್ನ ಅಚ್ಚೇನು ಸೊಪ್ಪಾ, ವಾರಕ್ಕೆ ಬಾಡೋಕೆ? ಒಂದು ವರ್ಷ ಹಾಕಿ. ಅದಕ್ಕಿಂತ ಜಾಸ್ತಿ ಇದ್ರೆ ಅದನ್ನೂ ಹಾಕಿ."

"ಆಮೇಲೆ ತಿದ್ದೋದು ಗಿದ್ದೋದು..."

"ಕತ್ತರಿಸಿ ಆದ್ಮೇಲೆ ಕತ್ತರಿಸಿ ಆಯ್ತು."

ಒಂದು ವರ್ಷ ಎಂದೇ ಹಾಕಿದರು. ಹೆಡ್‌ಮೇಡಂ ಮತ್ತೆ ಸೈಟು ತೆರೆದು ನೋಡಿದರು. ಆ ಕಡೆಯಿಂದ ಒಂದು ಉದ್ಗಾರ. "ಅಯ್ಯೋ ಇವಳ! ಬೆರಳು ಎತ್ತೋದ್ರೊಳಗೆ ಕಾಲರಿಂದ ಗುಂಡಿವರೆಗೂ ಬಂದು ನಿಂತಿದೆಯಲ್ರೀ!" ದೂರದ ಕೆಲವು ಶಾಲೆಗಳ ಮೇಡಂಗಳಿಗೂ ಹೇಳಿ ತೆರೆಸಿದರು. ಎಲ್ಲ ಕಡೆಯೂ ಹಾಗೇ. ತಂಗಿ ಅಂಗಡಿಯ ಬಾಗಿಲಲ್ಲಿ ನಿಂತು, ಬೀದಿಯಲ್ಲಿ ಹೋಗುವವರಿಗೆಲ್ಲ ಕಾರಣವಿಲ್ಲದೆ ಊಟ ಆಯ್ತಾ ಎಂದು ಕೇಳತೊಡಗಿದಳು. ಅವಳಿಗೆ ಹಿಗ್ಗು ಬಂದರೆ ಹಾಗೆ.

ಗೊತ್ತು ಮಾಡಿದ ದಿನ ನಾನೂ ಹೊಸ ಅಂಗಿ ತೊಡಬೇಕು ಎಂದು ಅಪ್ಪಣೆಯಾಯಿತು. ಗೋಡೆಯ ಅಚ್ಚಿನಿಂದ ಅಲ್ಲ, ಸೈಟಿಗೆಂದು ಬರೆದ ಚಿತ್ರದಿಂದಲೇ ಕಾಗದ ತೆಗೆದು ಹೊಲಿದಳು. ತೊಟ್ಟು ಅರ ಹಿಡಿಯಲು ಕೈ ಎತ್ತಿದೆ, ಬಲಕಂಕುಳಲ್ಲಿ ಬಟ್ಟೆ ಸೆಳೆಯಿತು.

"ಇನ್ನೊಂದ್ಸಲ ಎತ್ತು" ಎಂದಳು. ಎತ್ತಿದೆ. "ಇಳಿಸು. ಎತ್ತು."

"ನಾನೇನು ಬಾವಿ ರಾಟೆನೇ?"

ಅವಳು ನಗಲಿಲ್ಲ. ಗಂಡನನ್ನು ಕರೆದು ಗೋಡೆಯ ಕಾಗದವನ್ನೂ ಚಿತ್ರದ ಕಾಗದವನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಎಲ್ಲ ಗೆರೆಗಳೂ ಒಂದರ ಮೇಲೊಂದು ಕೂತವು. ತೋಳು ಸೇರುವ ಕಡೆ ಮಾತ್ರ ಬಲಬೆನ್ನಿನ ಗೆರೆ ಬೆರಳಗಲ ಒಳಗೆ ಸರಿದಿತ್ತು. ಭಾವಮೈದುನ ಮರುಮಾತಾಡದೆ ಕೂತು ಗೆರೆ ತಿದ್ದಿದ, ಹಳೆಯ ಚಿತ್ರ ಇದ್ದಲ್ಲೇ ಅದೇ ಹೆಸರಿನಲ್ಲಿ ಹೊಸದನ್ನು ಹಾಕಿದ. ಸೈಟು ತೆರೆದು ನೋಡಿದೆವು, ಗೆರೆ ಸರಿಯಾದ ಜಾಗದಲ್ಲಿತ್ತು. ದೂರದ ಮೇಡಂಗಳಿಗೆಲ್ಲ, ತೋಳಿನ ಗೆರೆ ತಿದ್ದಿದ್ದೇವೆ, ಹೀಗಿರಬೇಕು ಎಂದು ತಿಳಿಸಿದ್ದೂ ಆಯಿತು. ತಂಗಿ ನನ್ನ ಅಂಗಿಯನ್ನು ಬಿಚ್ಚಿ ಮತ್ತೆ ಹೊಲಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಆ ದಿನ ಬಂತು. ಬೆಳಿಗ್ಗೆಯೇ ಅಂಗಡಿಯ ಮಿಷನ್ನುಗಳಿಗೆ ಮುಸುಕು ಹಾಕಿ, ಉದ್ದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದೆವು. ನಾನು ಹೊಸ ಅಂಗಿಯಲ್ಲಿ ಮದುವೆ ಗಂಡಿನ ಹಾಗೆ ಕೂತಿದ್ದೆ. ಮೊದಮೊದಲು ಬಂದದ್ದೆಲ್ಲ ಒಳ್ಳೆಯ ಸುದ್ದಿ. ಒಂದು ಶಾಲೆಯಲ್ಲಿ ಅಚ್ಚು ಬಂತು, ಇನ್ನೊಂದರಲ್ಲಿ ಬಂತು. ಅಷ್ಟರಲ್ಲಿ ಹೆಡ್‌ಮೇಡಂ ಫೋನು. ದನಿ ತಗ್ಗಿತ್ತು.

"ಅಕ್ಕಾ, ತೋಳಿನ ಗೆರೆ ನೀವು ಹೇಳಿದ ಹಾಗೆ ಇಲ್ವಲ್ಲ."

ಫೋಟೋ ಕಳಿಸಿದರು. ಬೆಳ್ಳಗಿನ ಬಟ್ಟೆ, ಮೇಲೆ ಕಾಗದ, ಬಲಬೆನ್ನಿನ ಗೆರೆ ಬೆರಳಗಲ ಒಳಗೆ. ಹಳೆಯ ಅಚ್ಚು.

ತಂಗಿ ಫೋನನ್ನು ಬಾಯಿಗೇ ಹಿಡಿದಳು. "ಕತ್ತರಿ ಕೆಳಗಿಡೋಕೆ ಹೇಳಿ! ಯಾರೂ ಕತ್ತರಿ ಮುಟ್ಬಾರ್ದು!" ಎಂದು ಅವಳು ಕೂಗಿದ್ದಕ್ಕೆ ಎದುರು ಅಂಗಡಿಯ ಕ್ಷೌರಿಕ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬಂದ.

"ಕಮಿಟಿಯವರು ಇಲ್ಲೇ ಕೂತಿದಾರೆ" ಎಂದರು ಹೆಡ್‌ಮೇಡಂ. "ಟೀ ಕೊಡ್ಸಿ ಕೂರಿಸಿರ್ತೀನಿ. ಟೀ ಮುಗಿಯೋವರೆಗೂ ಅಷ್ಟೇ. ಆಮೇಲೆ ಅವರು ಎದ್ರೆ ನನ್ನ ಮಾತು ನಡೆಯಲ್ಲ. ಬೇರೆ ಶಾಲೆಯಲ್ಲಿ ಸರಿ ಇದ್ಯಂತೆ, ಇಲ್ಯಾಕೆ ಹೀಗೆ?"

ತಂಗಿ ಸರ್ವರಪ್ಪನಿಗೆ ಫೋನು ಹಚ್ಚಿದಳು. ಅವನು ಒಂದೇ ಮಾತು ಕೇಳಿದ: "ಆ ಶಾಲೆಯವರು ಮುಂಚೆ ಒಂದ್ಸಲ ತೆರೆದು ನೋಡಿದ್ರಾ?"

ನೋಡಿದ್ದರು. ಆಸಕ್ತಿಯಿಂದ ಮೊದಲು ನೋಡಿದವರೇ ಅವರು. ಅವರು ಕೇಳಿದಾಗ ಅವರ ಹತ್ತಿರದ ಅಂಚು ಒಂದು ನಕಲು ತರಿಸಿಟ್ಟುಕೊಂಡಿತ್ತು, ಒಂದು ವರ್ಷ ಕಾಪಾಡು ಎಂಬ ಅಪ್ಪಣೆಯ ಜೊತೆಗೆ. ಅದು ನಿಯತ್ತಿನಿಂದ ಕಾಪಾಡಿತ್ತು. ಇಲ್ಲಿ ನಾವು ಗೆರೆ ತಿದ್ದಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಯಾರೂ ಮುಂಚೆ ಕೇಳದ ಕಡೆಯ ಅಂಚುಗಳು ಈಗಷ್ಟೇ ನಮ್ಮಿಂದ ತರಿಸಿಕೊಂಡಿದ್ದವು, ಅವಕ್ಕೆ ಹೊಸದು ಸಿಕ್ಕಿತು. ನಮ್ಮೂರಿನ ಅಂಚೂ ಹಾಗೇ, ತಿದ್ದುವ ಮುಂಚೆ ಇಲ್ಲಿ ಯಾರೂ ಅದರ ಹತ್ತಿರ ಆ ಅಚ್ಚು ಕೇಳಿರಲಿಲ್ಲ. ಅದಕ್ಕೇ ನಮಗೆ ಎಲ್ಲ ನೆಟ್ಟಗಿರುವ ಹಾಗೆ ಕಂಡದ್ದು. ಕಷ್ಟಪಟ್ಟು ಮೊದಲು ಬಂದವರಿಗೇ ಹಳಸಿದ್ದು ಬಡಿಸಿದ ಹಾಗಾಯಿತು.

"ಅಂಚಿನವರಿಗೆಲ್ಲ ಹಳೇದು ಬಿಸಾಕಿ ಅಂತ ಹೇಳೋಕಾಗಲ್ವಾ?"

"ಹೇಳಿದೆ, ಈಗ್ಲೇ ಒತ್ತಿದೆ. ಅಂಚಿನಲ್ಲೆಲ್ಲ ಖಾಲಿಯಾಯ್ತು. ಆದ್ರೆ ಅಕ್ಕಾ, ಆ ಶಾಲೆಯ ಕಂಪ್ಯೂಟರುಗಳೂ ಆವತ್ತೇ ಒಂದೊಂದು ನಕಲು ತಮ್ಮೊಳಗೆ ಇಟ್ಕೊಂಡಿರ್ತವೆ. ಒಂದು ವರ್ಷ ಅಂತ ಅವಕ್ಕೂ ಹೇಳಿದೀವಲ್ಲ. ಅವರ ಮನೆಯೊಳಗಿಂದು ತೆಗೆಯೋಕೆ ನನ್ನ ಕೈ ಹೋಗಲ್ಲ. ಅದಕ್ಕೊಂದು..."

"ಒಂದು ವರ್ಷ ಅಂತ ನಾನೇ ಬಾಯಿ ಹಾಕಿದೆ!" ಎಂದು ತಂಗಿ ಹಣೆ ಚಚ್ಚಿಕೊಂಡಳು. ಸರ್ವರಪ್ಪ ಏನೋ ಹೇಳಲು ಹೊರಟ, ಅವಳು ಬಿಡಲಿಲ್ಲ. ಅಂಗಡಿಯ ಉದ್ದಕ್ಕೂ ಓಡಾಡಿದಳು. ಆ ಶಾಲೆಯಲ್ಲಿ ಒಂದು ಕುರ್ಚಿಯ ಮೇಲೆ ನನ್ನಂಥ ಒಬ್ಬ ಕೂತಿರುತ್ತಾನೆ, ಅಂಗಿ ಬರುತ್ತದೆ ಎಂದು ಕಾಯುತ್ತಿರುತ್ತಾನೆ. ಕಮಿಟಿಯವರ ಮುಂದೆ ಅವನು ಕೈ ಎತ್ತಿದಾಗ ಕಂಕುಳಲ್ಲಿ ಬಟ್ಟೆ ಸೆಳೆಯುತ್ತದೆ. ನೋಡಿದ್ರಾ, ಇದಕ್ಕೆ ಅಳತೆ ಇಲ್ಲ ಎಂದು ಯಾರೋ ಹೇಳುತ್ತಾರೆ.

ಭಾವಮೈದುನ ತನ್ನಷ್ಟಕ್ಕೆ ಗೊಣಗಿದ: "ಆ ಕಂಪ್ಯೂಟರಿಗಾದ್ರೂ ಹೇಗೆ ಗೊತ್ತಾಗ್ಬೇಕು ಪಾಪ. ಹಳೇದಕ್ಕೂ ಅದೇ ಹೆಸರು, ಹೊಸದಕ್ಕೂ ಅದೇ ಹೆಸರು."

ತಂಗಿ ನಿಂತಲ್ಲೇ ನಿಂತಳು. ಅವಳ ಮುಖ ಗೋಡೆಯ ಕಡೆ ತಿರುಗಿತು. ಮೊಳೆಯಲ್ಲಿ ನನ್ನ ಬೆನ್ನಿನ ಅಚ್ಚು ತೂಗುತ್ತಿತ್ತು, ಗರಗಸದಂಥ ಅಂಚು.

"ಕಚ್ಚು!" ಎಂದಳು. "ರೀ, ಕಚ್ಚಿಲ್ಲ ಕಣ್ರೀ!"

"ಯಾರನ್ನೇ?" ಎಂದ ಗಂಡ, ಎರಡು ಹೆಜ್ಜೆ ಹಿಂದಕ್ಕೆ ಸರಿದು.

"ಅಚ್ಚಿಗೆ! ತಿದ್ದಿದೀವಿ, ಕಚ್ಚು ಹಾಕಿಲ್ಲ! ಇಷ್ಟು ವರ್ಷ ಈ ಅಂಗಡೀಲಿ ಕಚ್ಚು ಹಾಕ್ದೆ ಒಂದು ಚೂರು ಕಾಗದ ಆಚೆ ಹೋಗಿದ್ಯಾ? ಕಂಪ್ಯೂಟರಿಗೆ ಅಂಚಿಲ್ಲ ಅಂತ ಮರ್ತೇಬಿಟ್ನಲ್ಲ! ಹೆಸರಿಗೇ ಹಾಕಿ ಕಚ್ಚು. 'ಬಲಬೆನ್ನು' ಅಂತಿದ್ದಿದ್ದು 'ಬಲಬೆನ್ನು ಒಂದು ಕಚ್ಚು' ಅಂತಾಗ್ಲಿ. ಆ ಹೆಸರಿನ ನಕಲು ಯಾರ ಹತ್ರಾನೂ ಇಲ್ಲ. ಇಲ್ದಿದ್ಮೇಲೆ ನನ್ನ ಹತ್ರ ಕೇಳ್ಲೇಬೇಕು!"

ಫೋನಿನೊಳಗಿಂದ ಸರ್ವರಪ್ಪನ ದನಿ ಬಂತು: "ಅದನ್ನೇ ಅಕ್ಕಾ ನಾನು ಆಗ್ಲಿಂದ ಹೇಳೋಕೆ ಬಾಯಿ ತೆಗೀತಿರೋದು! ನಾವೂ ಹೆಸರಿನ ಕೊನೆಗೆ ಒಂದು ನಂಬರು ಸೇರಿಸ್ತೀವಿ. ನೀವು ಮಾತಾಡೋಕೆ ಬಿಟ್ರೆ ತಾನೆ?"

"ನೀವು ನಂಬರು ಅಂತೀರಿ, ನಾನು ಕಚ್ಚು ಅಂತೀನಿ. ಪುಟದಲ್ಲಿ ಹೆಸರು ಬದಲಾಯಿಸಿದ್ರೆ ಸಾಕಾ?"

"ಸಾಕು. ಪುಟ ಯಾವಾಗ್ಲೂ ನಮ್ಮಿಂದ್ಲೇ ಹೊಸದಾಗಿ ಹೋಗುತ್ತೆ. ಅದರಲ್ಲಿ ಹೊಸ ಹೆಸರು ನೋಡಿದ ತಕ್ಷಣ ಅವರ ಕಂಪ್ಯೂಟರು ಹೊಸ ಚಿತ್ರಾನೇ ಕೇಳುತ್ತೆ."

ಭಾವಮೈದುನನ ಬೆರಳುಗಳು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಅವನ ಸರ್ವಿಸಿನಲ್ಲೇ ನೋಡಿರಲಿಲ್ಲ. ಚಿತ್ರಕ್ಕೆ ಹೊಸ ಹೆಸರು ಬಿತ್ತು. ಪುಟದಲ್ಲಿ ಹಳೆಯ ಹೆಸರಿದ್ದ ಜಾಗಕ್ಕೆ ಹೊಸ ಹೆಸರು ಬಂತು. ತಂಗಿ ಅವನ ಭುಜದ ಮೇಲಿಂದ ಬಗ್ಗಿ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿದಳು, ಹೊಲಿಗೆ ಪರೀಕ್ಷಿಸುವ ಹಾಗೆ. ಆಮೇಲೆ ಹೆಡ್‌ಮೇಡಂಗೆ ಹೇಳಿದಳು: "ಪುಟ ಮತ್ತೆ ತೆರೀರಿ. ಅಚ್ಚಿನ ಹೆಸರಲ್ಲಿ 'ಒಂದು ಕಚ್ಚು' ಅಂತ ಇದ್ರೆ ಮಾತ್ರ ತೆಗೀರಿ. ಇಲ್ಲ ಅಂದ್ರೆ ಕತ್ತರಿ ಮುಟ್ಬೇಡಿ."

ಆ ಕಡೆ ಟೀ ಲೋಟಗಳ ಸದ್ದು. ಯಾರೋ ಕುರ್ಚಿ ಹಿಂದಕ್ಕೆ ಎಳೆದ ಸದ್ದು. ಯಾರೋ ಗಂಟಲು ಸರಿಮಾಡಿಕೊಂಡರು. ನಮ್ಮ ಕಡೆ ಎದುರು ಅಂಗಡಿಯ ಕ್ಷೌರಿಕ ಬಾಗಿಲಲ್ಲೇ ನಿಂತಿದ್ದ, ಅವನ ಹಿಂದೆ ಅರ್ಧ ಗಡ್ಡ ಕೆರೆಸಿಕೊಂಡ ಗಿರಾಕಿ.

"ಒಂದು ಕಚ್ಚು" ಎಂದರು ಹೆಡ್‌ಮೇಡಂ. "ಬಂತು. ಒಂದು ಕಚ್ಚು ಅಂತಿದೆ. ಗೆರೆ... ತಾಳಿ, ಗೆರೆ ಹೊರಗೇ ಇದೆ. ಸರಿಯಾಗಿದೆ ಕತ್ತರಿ ಅಕ್ಕ, ಸರಿಯಾಗಿದೆ!"

"ಹಾಗಾದ್ರೆ ಹಾಕಿ ಕತ್ತರಿ!" ಎಂದಳು ತಂಗಿ. ಕ್ಷೌರಿಕ ಓಡಿಹೋಗಿ ತನ್ನ ಕತ್ತರಿ ಎತ್ತಿಕೊಂಡ.

ಮುಂಚೆ ಅಚ್ಚು ನೋಡಿದ್ದ ಶಾಲೆಗಳಿಗೆಲ್ಲ ಒಂದೊಂದಾಗಿ ಹೇಳಿಸಿದರು. ಎಲ್ಲ ಕಡೆಯೂ ಒಂದೇ ಮಾತು: ಒಂದು ಕಚ್ಚು ಬಂತು. ಭಾಷೆ ಬೇರೆ, ಊರು ಬೇರೆ, ಹೊತ್ತೂ ಬೇರೆ. ಕೆಲವರಿಗೆ ಆ ಪದ ತಿರುಗಲಿಲ್ಲ, ಕೆಚ್ಚು, ಕಾಚು ಎಂದೆಲ್ಲ ಹೇಳಿದರು. ನಮ್ಮ ಅಂಗಡಿಯ ಮೂಲೆಯಲ್ಲಿ ಹುಟ್ಟಿದ ಮಾತು ಅಷ್ಟು ದೂರದ ಬಾಯಿಗಳಲ್ಲಿ ಉರುಳಾಡುವುದನ್ನು ಕೇಳುತ್ತ ನನ್ನ ತಂಗಿ ಕೂತಲ್ಲೇ ಸ್ವಲ್ಪ ಎತ್ತರವಾದಳು.

ಸಂಜೆ ಫೋಟೋಗಳು ಬರತೊಡಗಿದವು. ಜನ ಫೋಟೋ ಎಂದರೆ ಮುಖ ಕೊಡುತ್ತಾರೆ. ಅವತ್ತು ಬಂದದ್ದೆಲ್ಲ ಬೆನ್ನುಗಳು. ಒಬ್ಬ ಮುದುಕ, ಒಬ್ಬಳು ಟೀಚರು, ಒಬ್ಬ ಲಾರಿ ಡ್ರೈವರು, ಶಾಲೆಗೆ ಹೋಗುವ ಒಂದು ಹುಡುಗಿ. ಎಡಕ್ಕೆ ಗೂನು, ಬಲಕ್ಕೆ ಗೂನು, ನಡುವೆ ಗೂನು. ಬಿಳಿ ಬಟ್ಟೆ ಒಂದೊಂದು ಬೆನ್ನಿನ ಮೇಲೂ ತನ್ನ ಜಾಗ ಹುಡುಕಿಕೊಂಡು ಕೂತಿತ್ತು. ಎಲ್ಲೂ ಸೆಳೆತವಿಲ್ಲ, ಎಲ್ಲೂ ಜೋತು ಬಿದ್ದಿಲ್ಲ. ಆ ಹುಡುಗಿ ಎರಡೂ ಕೈಯನ್ನು ಆಕಾಶಕ್ಕೆ ಎತ್ತಿ ನಿಂತಿದ್ದಳು. ಕಮಿಟಿಯವರು ಎತ್ತು ಎಂದರಂತೆ. ಇಳಿಸು ಎಂದರೂ ಇಳಿಸಲಿಲ್ಲವಂತೆ.

ಹೆಡ್‌ಮೇಡಂ ಕೊನೆಗೆ ಫೋನು ಮಾಡಿದಾಗ ಅವರ ದನಿಯ ಹಿಂದೆ ಗದ್ದಲವೋ ಗದ್ದಲ. "ಒಪ್ಪಿದ್ರು ಕತ್ತರಿ ಅಕ್ಕ! ಬರೋ ವರ್ಷದಿಂದ ಎಲ್ಲ ಶಾಲೆಯಲ್ಲೂ ಪಾಠ. ಅಂಗಿ ಒಂದೇ ಅಲ್ಲ, ನಿಮ್ಮ ಗೋಡೆಯದ್ದು ಎಲ್ಲಾನೂ. ಕಚ್ಚು ಹಾಕೋದನ್ನೂ ಕಲಿಸ್ಬೇಕಂತೆ."

ತಂಗಿ ಫೋನು ಇಟ್ಟು, ನನ್ನ ಹತ್ತಿರ ಬಂದು, ಬೆನ್ನಿನ ಮೇಲೆ ಅಂಗಿಯನ್ನು ಒಮ್ಮೆ ನೀವಿದಳು. ಸುಕ್ಕು ಇರಲಿಲ್ಲ, ಆದರೂ ನೀವಿದಳು. "ಗೂಡಿಗೆ ಹೋಗು, ಗಿರಾಕಿ ಕಾಯ್ತಿದಾರೆ" ಎಂದಳು. ಯಾರೂ ಕಾಯುತ್ತಿರಲಿಲ್ಲ. ನಾನು ಎದ್ದು ಹೋದೆ, ಅವಳು ಮೂಗು ಒರೆಸಿಕೊಳ್ಳುವುದಿದ್ದರೆ ಒರೆಸಿಕೊಳ್ಳಲಿ ಎಂದು.

ಇದಾಗಿ ಕೆಲವು ವರ್ಷದ ಮೇಲೆ ಮಾರುಕಟ್ಟೆಯ ತಿರುವಿನಲ್ಲಿ ಹೊಸ ದರ್ಜಿಯೊಬ್ಬಳು ಅಂಗಡಿ ಇಟ್ಟಳು. ಆ ಸಂಘದ ಶಾಲೆಯಲ್ಲೇ ಕಲಿತವಳಂತೆ. ನನಗೆ ಹುಚ್ಚು ಬುದ್ಧಿ. ಶಾಲು ಹೊದ್ದು ಹೋಗಿ ನಿಂತೆ.

"ನನಗೊಂದು ಅಂಗಿ ಬೇಕಿತ್ತಮ್ಮ. ಆಗ್ದಿದ್ರೆ ಬಿಡಿ."

ಅವಳು ಕೆಲಸದಿಂದ ತಲೆ ಎತ್ತದೆ, "ಶಾಲು ತೆಗೀರಿ, ಆ ಕಡೆ ತಿರುಗಿ" ಎಂದಳು. ತಿರುಗಿದೆ. ಎಡಬೆನ್ನಿಗೆ ಒಂದು ಸಲ ಟೇಪು ಇಟ್ಟಳು. ಬಲಬೆನ್ನಿಗೆ ಬೇರೆಯಾಗಿ, ಗೂನಿನ ಮೇಲೆ ಬೆರಳು ಒತ್ತಿ ಹಿಡಿದು, ಇನ್ನೊಂದು ಸಲ ಇಟ್ಟಳು. ಟೇಪು ಜಾರಲಿಲ್ಲ. "ಕೈ ಎತ್ತಿ" ಎಂದಳು. ಎತ್ತಿದೆ. "ಬೆನ್ನಿಗೆ ಎರಡು ಅಳತೆ ಬರುತ್ತೆ. ಅಚ್ಚು ಯಾವ ಕಚ್ಚಿಂದು ಅಂತ ನೋಡ್ಕೋತೀನಿ. ಬುಧವಾರ ಬನ್ನಿ" ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದಳು. ನನ್ನಲ್ಲಿ ಏನೂ ವಿಶೇಷ ಇಲ್ಲ ಎನ್ನುವ ಹಾಗೆ. ಅಷ್ಟು ಒಳ್ಳೆಯ ಅಸಡ್ಡೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಬುಧವಾರ ಅಂಗಿ ತೊಟ್ಟು, ಎದೆ ಉಬ್ಬಿಸಿಕೊಂಡು, ಬೀದಿಯ ನಡುವೆಯೇ ನಡೆದು ತಂಗಿಯ ಅಂಗಡಿಗೆ ಬಂದೆ. ಅವಳು ಕನ್ನಡಕದ ಮೇಲಿಂದ ನೋಡಿದಳು. ಮಿಷನ್ ನಿಲ್ಲಿಸಿದಳು.

"ಯಾರು ಹೊಲಿದಿದ್ದು?"

"ತಿರುವಿನ ಅಂಗಡಿಯವಳು. ನಿನ್ನ ಅಚ್ಚೇ."

ಅವಳು ಎದ್ದು ಬಂದು ನನ್ನನ್ನು ಹಿಡಿದು ತಿರುಗಿಸಿದಳು. ಬೆನ್ನಿನ ಹೊಲಿಗೆಯ ಮೇಲೆ ಬೆರಳು ಮೇಲಿನಿಂದ ಕೆಳಗೆ ಇಳಿಯಿತು, ಕಂಕುಳಿಗೆ ಬಂತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಬೆನ್ನೇನೋ ಕೂತಿದೆ" ಎಂದಳು. "ಕಾಲರ್ ನೋಡು, ಕತ್ತೆ ಕಿವಿ ಥರ ನಿಂತಿದೆ. ನಾಳೆ ಅವಳನ್ನ ಇಲ್ಲಿಗೆ ಬರೋಕೆ ಹೇಳು. ಕಾಲರಿನ ಅಚ್ಚು ಕೊಡ್ತೀನಿ, ಹೊಸ ಕಚ್ಚಿಂದು."